ಟ್ರಾನ್ಸ್‌ಫಾರ್ಮರ್ ಗುಂಯ್‌ಗುಟ್ಟುವುದು ಯಾವ ಸ್ವರದಲ್ಲಿ? ಎಲೆಕ್ಟ್ರಾನಿಕ್ ಸಂಗೀತಕ್ಕೆ ಸದ್ದು ಹುಡುಕುವ, ಕಟ್ಟುವ ಬಗೆ

ನಮ್ಮ ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್ ಜಿ ಸ್ವರದಲ್ಲಿ ಗುಂಯ್‌ಗುಟ್ಟುತ್ತದೆ. ನಿಮ್ಮ ಬೀದಿಯದ್ದೂ ಅಷ್ಟೇ. ನಮ್ಮಲ್ಲಿ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸುತ್ತು, ಒಂದೊಂದು ಸುತ್ತಿಗೂ ಒಳಗಿನ ಕಬ್ಬಿಣದ ತಗಡುಗಳು ಎರಡು ಸಲ ಹಿಗ್ಗಿ ಕುಗ್ಗುತ್ತವೆ, ಹಾಗಾಗಿ ಕಿವಿಗೆ ಬೀಳುವುದು 100 ಹರ್ಟ್ಜ್. ಕೀಬೋರ್ಡಿನಲ್ಲಿ ಆ ಜಾಗದ ಜಿ ಇರುವುದು 98ರಲ್ಲಿ. ಸುಮಾರು 35 ಸೆಂಟ್ (ಕೀಬೋರ್ಡಿನ ಪಕ್ಕಪಕ್ಕದ ಎರಡು ಸ್ವರಗಳ ನಡುವೆ ನೂರು ಸೆಂಟ್) ಕೆಳಗಿಳಿಸಿದರೆ ಸಾಕು, ಸರಿಯಾಗಿ ಜಿ ಮೇಲೆ ಕೂರುತ್ತದೆ. ನಾನು ಇಷ್ಟಪಟ್ಟು ಮಾಡಿದ ಮೊದಲ ಬೇಸ್ ಸದ್ದು ಅದರದ್ದೇ. ರಾತ್ರಿ ಹನ್ನೊಂದರ ಮೇಲೆ, ಗಾಡಿಗಳ ಓಡಾಟ ನಿಂತ ಮೇಲೆ, ರಸ್ತೆಯ ಈಚೆ ಬದಿಯಲ್ಲೇ ನಿಂತು ಎರಡು ನಿಮಿಷ ರೆಕಾರ್ಡ್ ಮಾಡಿದ್ದೆ. (ಬೇಲಿ ಹತ್ತಿರ ಹೋಗಬೇಡಿ, ಮುಟ್ಟಲಂತೂ ಬೇಡಿ. ದೂರದಿಂದಲೇ ಚೆನ್ನಾಗಿ ಸಿಗುತ್ತದೆ.)

ಅದಕ್ಕೂ ಮೊದಲು ಎರಡು ವರ್ಷ ನಾನು ಮಾಡಿದ್ದು ಡೌನ್‌ಲೋಡ್ ಮಾತ್ರ. ಇಲ್ಲಿ ಒಂದು ಸ್ಯಾಂಪಲ್ ಪ್ಯಾಕ್ (ರೆಡಿಮೇಡ್ ಸದ್ದುಗಳ ಕಟ್ಟು), ಅಲ್ಲಿ ಇನ್ನೊಂದು, ಹಾರ್ಡ್‌ಡಿಸ್ಕ್ ತುಂಬ ಕಿಕ್ಕುಗಳು, ಅಂದರೆ ದೊಡ್ಡ ಡ್ರಮ್ಮಿನ ಏಟುಗಳು. ಟ್ರ್ಯಾಕ್ ಮಾಡೋಣ ಅಂತ ಕೂತರೆ ಮೂರು ಗಂಟೆ ಬರೀ ಕಿಕ್ ಕೇಳುವುದರಲ್ಲೇ ಹೋಗುತ್ತಿತ್ತು. ಮುನ್ನೂರನೇ ಕಿಕ್ ಹೊತ್ತಿಗೆ ಯಾವುದು ಒಳ್ಳೆಯದು, ಯಾವುದು ಸಪ್ಪೆ ಅಂತ ಕಿವಿಗೇ ಗೊತ್ತಾಗುವುದಿಲ್ಲ. ಈಗ ಹೊಸಬರು ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ. ಸದ್ದುಗಳನ್ನು ಗುಡ್ಡೆ ಹಾಕಬೇಡಿ. ಒಂದು ಸದ್ದು ಹಿಡಿಯಿರಿ, ಅದನ್ನು ಪೂರ್ತಿ ಹಿಂಡಿ.

ಮೊದಲು ಮನೆಯೊಳಗೆ

ರೆಕಾರ್ಡಿಂಗ್‌ಗೆ ನಿಮ್ಮ ಫೋನ್ ಸಾಕು. ಆದರೆ ಫೋನಿನ ಜೊತೆ ಬಂದ ವಾಯ್ಸ್ ರೆಕಾರ್ಡರ್ ಆಪ್ ಆಗಲಿಕ್ಕಿಲ್ಲ. ಅಂಥ ಆಪ್‌ಗಳು ಮಾತಿಗಾಗಿ ಮಾಡಿದವು, ಸಣ್ಣ ಸದ್ದನ್ನು ತಾವೇ ಎತ್ತುತ್ತವೆ, ದೊಡ್ಡ ಸದ್ದನ್ನು ತಾವೇ ಅದುಮುತ್ತವೆ. ಸಾಗರದ ಹತ್ತಿರ ಚಿಕ್ಕಮ್ಮನ ಮನೆಯಲ್ಲಿ ಹೆಂಚಿನ ಮೇಲೆ ಬೀಳುವ ಮಳೆಯನ್ನು ಒಂದು ಗಂಟೆ ರೆಕಾರ್ಡ್ ಮಾಡಿದ್ದೆ, ಜೋರು ಮಳೆ, ಅಂಥದ್ದು ಮತ್ತೆ ಸಿಗಲಿಲ್ಲ. ಬೆಂಗಳೂರಿಗೆ ಬಂದು ಕೇಳಿದರೆ ಪ್ರತಿ ಗುಡುಗಿಗೂ ಮಳೆ ಪೂರ್ತಿ ಮಾಯವಾಗಿ, ಆಮೇಲೆ ಮೆಲ್ಲಗೆ ಮೇಲೆದ್ದು ಬರುತ್ತಿತ್ತು. ಆ ಫೈಲನ್ನು ಸರಿ ಮಾಡಲು ಯಾವ ದಾರಿಯೂ ಇರಲಿಲ್ಲ. ಹಾಗಾಗಿ ವೇವ್ ಫೈಲ್ ಆಗಿ ಉಳಿಸುವ, ಆಟೋ ಗೇನ್ ಆಫ್ ಮಾಡಲು ಬಿಡುವ ಆಪ್ ಹುಡುಕಿಕೊಳ್ಳಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. 48 ಕಿಲೋಹರ್ಟ್ಜ್, 24 ಬಿಟ್ ಇದ್ದರೆ ಚೆನ್ನ. ಮೀಟರ್ ನೋಡಿಕೊಂಡು, ಅತಿ ಜೋರಾದ ಏಟು ಮೈನಸ್ 12 ಡೆಸಿಬಲ್ ಆಸುಪಾಸು ನಿಲ್ಲುವ ಹಾಗೆ ದೂರ ಹೊಂದಿಸಿ. ಕಮ್ಮಿಯಾದರೆ ಆಮೇಲೆ ಏರಿಸಬಹುದು. ಜಾಸ್ತಿಯಾಗಿ ತಲೆ ಒಡೆದರೆ ಮುಗಿಯಿತು. ಹೊರಗೆ ಗಾಳಿ ಇದ್ದರೆ ಫೋನಿಗೊಂದು ದಪ್ಪ ಉಣ್ಣೆಯ ಕಾಲುಚೀಲ ಹಾಕಿ, ನಿಜಕ್ಕೂ ಕೆಲಸ ಮಾಡುತ್ತದೆ.

ಏನು ರೆಕಾರ್ಡ್ ಮಾಡಬೇಕು ಅಂತ ಕೇಳುವವರು ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಸುಮ್ನೆ ಕೂರಬೇಕು. ಒಗ್ಗರಣೆಯ ಸಾಸಿವೆ ಚಟಪಟ ಸಿಡಿಯುವುದಿದೆಯಲ್ಲ, ಅದನ್ನು ತೆಗೆದುಕೊಂಡು 4 ಕಿಲೋಹರ್ಟ್ಜ್‌ಗಿಂತ ಕೆಳಗಿನದ್ದನ್ನೆಲ್ಲ ಕತ್ತರಿಸಿದರೆ ಹಳೇ ಗ್ರಾಮಫೋನ್ ತಟ್ಟೆಯ ಚಿಟಿಚಿಟಿಯ ಹಾಗೆ ಇಡೀ ಟ್ರ್ಯಾಕಿನ ಮೇಲೆ ಹರಡುತ್ತದೆ. ಮೊರದಲ್ಲಿ ಅಕ್ಕಿ ಕೇರುವುದು ಒಳ್ಳೆಯ ಶೇಕರ್. ಕಡ್ಡಿ ಪೊರಕೆಯಿಂದ ಸಿಮೆಂಟಿನ ನೆಲ ಗುಡಿಸಿದರೆ ಬ್ರಶ್ ಹಿಡಿದು ಬಾರಿಸಿದ ಸ್ನೇರ್ ಡ್ರಮ್. ಹಳೇ ಬಾಗಿಲಿನ ಚಿಲಕ ಟಕ್ ಅಂತ ಬೀಳುವುದನ್ನು ರಿಮ್‌ಶಾಟ್ (ಡ್ರಮ್ಮಿನ ಅಂಚಿಗೆ ಬೀಳುವ ಏಟು) ಜಾಗಕ್ಕೆ ಇಡಿ. ಕುಕ್ಕರ್ ಕೂಗುವ ಮುಂಚಿನ ಆ ಸುಯ್ ಸುಯ್ ಇದೆಯಲ್ಲ, ಡ್ರಾಪ್‌ಗೆ, ಅಂದರೆ ಬೀಟು ಪೂರ್ತಿ ಬಂದು ಬೀಳುವ ಜಾಗಕ್ಕೆ, ಮುಂಚೆ ಏರುತ್ತಾ ಬರುವ ರೈಸರ್ ಅದೇ. ಇದೇನೂ ಹೊಸ ಹುಚ್ಚಲ್ಲ. 1948ರಲ್ಲೇ ಪ್ಯಾರಿಸ್ಸಿನಲ್ಲಿ ಪಿಯರ್ ಶೆಫರ್ ರೈಲು ಬಂಡಿಗಳ ಸದ್ದನ್ನು ತಟ್ಟೆಗಳಿಗೆ ಇಳಿಸಿಕೊಂಡು, ತುಂಡು ತುಂಡು ಜೋಡಿಸಿ ಸಂಗೀತ ಮಾಡಿದ್ದರು. ಆಗ ಟೇಪ್ ಕೂಡ ಅವರ ಕೈಯಲ್ಲಿರಲಿಲ್ಲ.

ಪ್ರತಿ ಸದ್ದನ್ನೂ ಹತ್ತು ಹನ್ನೆರಡು ಸಲ ರೆಕಾರ್ಡ್ ಮಾಡಿ. ಮೆಲ್ಲಗೆ, ಜೋರಾಗಿ, ಬೆರಳಿನಿಂದ, ಸೌಟಿನಿಂದ. ಒಂದೇ ಏಟನ್ನು ಮತ್ತೆ ಮತ್ತೆ ನುಡಿಸಿದರೆ ಯಂತ್ರದ ಹಾಗೆ ಕೇಳುತ್ತದೆ, ನಾಲ್ಕೈದು ಏಟುಗಳನ್ನು ಸರದಿಯಲ್ಲಿ ಹಾಕಿದರೆ ಕೈಯಿಂದ ಬಾರಿಸಿದ ಹಾಗಿರುತ್ತದೆ. ಆಮೇಲೆ ಏನೂ ಮಾಡದೆ ಮೂವತ್ತು ಸೆಕೆಂಡ್ ಆ ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿ. ಫ್ಯಾನಿನ ಸದ್ದು ತೆಗೆಯುವಾಗ ಆಡಾಸಿಟಿಗೆ (ಸದ್ದು ಕತ್ತರಿಸಿ ತಿದ್ದುವ ಸಾಫ್ಟ್‌ವೇರ್) ಆ ತುಣುಕೇ ಮಾದರಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು ಅನ್ನಿಸಿದರೆ ಪೀಜೋ ಡಿಸ್ಕ್ (ನಡುಕವನ್ನು ಕರೆಂಟಾಗಿಸುವ ಪುಟ್ಟ ಬಿಲ್ಲೆ) ತನ್ನಿ. ಬೆಂಗಳೂರಿನವರಿಗೆ ಎಸ್.ಪಿ. ರೋಡಿನಲ್ಲಿ ಒಂದು ಕಾಫಿಯ ದುಡ್ಡಿಗೆ ಸಿಗುತ್ತದೆ. ಎರಡು ವೈರು ಬೆಸುಗೆ ಹಾಕಿ ಗಿಟಾರ್ ಜ್ಯಾಕಿಗೆ ಸೇರಿಸಿದರೆ ಅದೇ ಕಾಂಟ್ಯಾಕ್ಟ್ ಮೈಕ್. ಅದಕ್ಕೆ ಗಾಳಿಯಲ್ಲಿನ ಸದ್ದು ಹೆಚ್ಚುಕಮ್ಮಿ ಕೇಳಿಸುವುದೇ ಇಲ್ಲ, ಅಂಟಿಸಿದ ವಸ್ತುವಿನ ಒಳಗಿನ ನಡುಕ ಮಾತ್ರ ಕೇಳಿಸುತ್ತದೆ. ತೋಟದ ತಂತಿ ಬೇಲಿಗೆ ಅಂಟಿಸಿ ತಂತಿಯನ್ನು ಕಡ್ಡಿಯಿಂದ ತಟ್ಟಿ ನೋಡಿ, ಸಿನಿಮಾದ ಲೇಸರ್ ಬಂದೂಕಿನ ಹಾಗೆ ಪಿಯೂಂ ಅನ್ನುತ್ತದೆ. ಎತ್ತರದ ಕಂಪನಗಳು ತಂತಿಯಲ್ಲಿ ಬೇಗ ಓಡುತ್ತವೆ, ತಗ್ಗಿನವು ನಿಧಾನ, ಅದಕ್ಕೇ ಸ್ವರ ಜಾರಿದ ಹಾಗೆ ಕೇಳಿಸುವುದು. ಒಂದು ಮಾತು ನೆನಪಿಡಿ. ಪೀಜೋವನ್ನು ಮಾಮೂಲಿ ಮೈಕ್ ತೂತಿಗೆ ಸಿಕ್ಕಿಸಿದರೆ ಬೇಸ್ ಎಲ್ಲ ಸೋರಿಹೋಗುತ್ತದೆ, ಆಡಿಯೋ ಇಂಟರ್‌ಫೇಸಿನಲ್ಲಿ (ಮೈಕು, ಗಿಟಾರುಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಗಿಟಾರ್‌ಗೆ ಅಂತ ಇರುವ ತೂತಿಗೇ ಹಾಕಿ.

ಒಂದು ತಾಮ್ರದ ಕೊಡ

ಈಗ ಹಿಂಡುವುದು ಅಂದರೆ ಏನು ಅಂತ ತೋರಿಸುತ್ತೇನೆ. ನಮ್ಮ ಮನೆಯಲ್ಲೊಂದು ತಾಮ್ರದ ಕೊಡವಿದೆ. ಅದರ ಕಂಠದ ಹತ್ತಿರ ಬೆರಳ ಗಿಣ್ಣಿನಿಂದ ಒಂದು ಏಟು. ಟಣ್ ಅಂದು ಎರಡು ಸೆಕೆಂಡಿನಲ್ಲಿ ಆರಿಹೋಗುತ್ತದೆ. ನನ್ನ ಕೈಯಲ್ಲಿರುವುದು ಇಷ್ಟೇ.

ಮೊದಲು ಫೈಲನ್ನು ಆಡಾಸಿಟಿಯಲ್ಲಿ ತೆರೆದು, ಏಟು ಶುರುವಾಗುವ ಜಾಗಕ್ಕೆ ಸರಿಯಾಗಿ ಕತ್ತರಿಸುತ್ತೇನೆ. ಅಲೆ ನಡುಗೆರೆಯನ್ನು ದಾಟುವ ಬಿಂದುವಿನಲ್ಲೇ ಕತ್ತರಿ ಬೀಳಬೇಕು, ಇಲ್ಲದಿದ್ದರೆ ಟಿಕ್ ಅಂತ ಒಂದು ಸದ್ದು ಬೇಡದೆ ಸೇರಿಕೊಳ್ಳುತ್ತದೆ. ಕೊನೆಯಲ್ಲಿ ಸಣ್ಣದೊಂದು ಫೇಡ್. ಆಮೇಲೆ ಸ್ಪೆಕ್ಟ್ರಂ (ಎಷ್ಟು ಹರ್ಟ್ಜ್ ಹತ್ತಿರ ಎಷ್ಟು ಸದ್ದಿದೆ ಅಂತ ತೋರಿಸುವ ಚಿತ್ರ) ನೋಡುತ್ತೇನೆ, ಅತಿ ಎತ್ತರದ ಕೋಡು ಎಲ್ಲಿದೆಯೋ ಅದು ಕೊಡದ ಸ್ವರ. ಅದನ್ನು ಹತ್ತಿರದ ಕೀಬೋರ್ಡ್ ಸ್ವರಕ್ಕೆ ಟ್ಯೂನ್ ಮಾಡಿ ಸ್ಯಾಂಪ್ಲರಿಗೆ (ರೆಕಾರ್ಡ್ ಮಾಡಿದ ಸದ್ದನ್ನು ಕೀಬೋರ್ಡಿನಲ್ಲಿ ಬೇರೆ ಬೇರೆ ಸ್ವರಕ್ಕೆ ನುಡಿಸುವ ಸಲಕರಣೆ) ಹಾಕಿದರೆ ಕೊಡ ಒಂದು ವಾದ್ಯವಾಯಿತು. ಮೇಲಿನ ಸ್ವರಗಳಲ್ಲಿ ಗೆಜ್ಜೆ, ನಡುವೆ ಗಂಟೆ.

ಒಂದು ಆಕ್ಟೇವ್ (ಒಂದು ಸ್ಥಾಯಿ) ಕೆಳಗೆ ಇಳಿಸಿ. ಸ್ಯಾಂಪ್ಲರ್‌ನಲ್ಲಿ ಮಾಮೂಲಿಯಾಗಿ ಇಳಿಸಿದರೆ ವೇಗ ಅರ್ಧವಾಗುತ್ತದೆ, ಎರಡು ಸೆಕೆಂಡಿನ ಸದ್ದು ನಾಲ್ಕು ಸೆಕೆಂಡಾಗುತ್ತದೆ. ಎರಡು ಆಕ್ಟೇವ್ ಇಳಿಸಿದರೆ ಎಂಟು. ಆಗ ಅದು ಕೊಡವಲ್ಲ, ದೊಡ್ಡ ದೇವಸ್ಥಾನದ ಜಾಗಟೆ. ಆದರೆ ಮಂಕಾಗಿರುತ್ತದೆ, ಯಾಕೆಂದರೆ ಮೊದಲು 20 ಕಿಲೋಹರ್ಟ್ಜ್‌ನಲ್ಲಿದ್ದದ್ದು ಈಗ 5ಕ್ಕೆ ಇಳಿದಿದೆ, ಅದರ ಮೇಲೆ ಏನೂ ಇಲ್ಲ. ಆ ಖಾಲಿ ಜಾಗಕ್ಕೆ ಇಳಿಸದ ಮೂಲ ಏಟನ್ನೇ ಸಣ್ಣಗೆ ಸೇರಿಸಿ. ಮತ್ತೆ ಹೊಳಪು ಬರುತ್ತದೆ.

ಇದೇ ಫೈಲಿಗೆ ಆಡಾಸಿಟಿಯಲ್ಲಿರುವ ಪಾಲ್‌ಸ್ಟ್ರೆಚ್ ಹಾಕಿ, ಇಪ್ಪತ್ತು ಪಟ್ಟು ಎಳೆಯಿರಿ. ಏಟು ಕರಗಿ ಹೋಗುತ್ತದೆ, ತಾಮ್ರದ ಹೊಗೆಯಂಥ ಒಂದು ಪ್ಯಾಡ್, ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಸದ್ದು, ಉಳಿಯುತ್ತದೆ. ಅದಕ್ಕೊಂದು ಫಿಲ್ಟರ್ ಇಟ್ಟು ಎಂಟು ಬಾರ್‌ಗಳುದ್ದಕ್ಕೂ ಮೆಲ್ಲಗೆ ತೆರೆಯುತ್ತಾ ಹೋದರೆ ಟ್ರ್ಯಾಕಿನ ಶುರುವಾತು ಸಿದ್ಧ. ಗ್ರ್ಯಾನ್ಯುಲರ್ ಸಿಂತ್ (ಸದ್ದನ್ನು ಚೂರು ಮಾಡಿ ನುಡಿಸುವ ಸಿಂತಸೈಜರ್) ಇದ್ದರೆ 20ರಿಂದ 100 ಮಿಲಿಸೆಕೆಂಡಿನ ಕಾಳುಗಳಾಗಿ ಒಡೆದು ಎರಚಿ ನೋಡಿ. ಮೂಲ ಏಟಿನ ಮೊದಲ 30 ಮಿಲಿಸೆಕೆಂಡ್ ಮಾತ್ರ ಉಳಿಸಿಕೊಂಡು, 7 ಕಿಲೋಹರ್ಟ್ಜ್‌ಗಿಂತ ಕೆಳಗಿನದ್ದನ್ನು ಕತ್ತರಿಸಿದರೆ ಹೈಹ್ಯಾಟ್, ಡ್ರಮ್ ಸೆಟ್ಟಿನ ಜೋಡಿ ತಾಳದ ಸದ್ದು. ಕೊಡಕ್ಕೆ ಅರ್ಧ ನೀರು ತುಂಬಿ ಬಾರಿಸಿದರೆ ಸ್ವರ ಇಳಿಯುತ್ತದೆ (ಜಲತರಂಗದ ಬಟ್ಟಲುಗಳನ್ನು ಟ್ಯೂನ್ ಮಾಡುವುದೂ ಹೀಗೇ), ಬಾರಿಸಿದ ತಕ್ಷಣ ಅಲ್ಲಾಡಿಸಿದರೆ ಸ್ವರ ಓಲಾಡುತ್ತದೆ. ಆ ಓಲಾಟವನ್ನು ಸಿಂತ್‌ನಲ್ಲಿ ತರಲು ನಾನು ಎಷ್ಟೋ ಸಲ ಒದ್ದಾಡಿದ್ದೇನೆ. ಕೊಡದಲ್ಲಿ ಹತ್ತು ಸೆಕೆಂಡಿನ ಕೆಲಸ.

ಇನ್ನೊಂದು ಉಪಾಯ ನನಗೆ ತುಂಬ ಇಷ್ಟ. ಕನ್ವಲ್ಯೂಷನ್ ರಿವರ್ಬ್ ಅಂತ ಇದೆ, ಯಾವುದಾದರೂ ಜಾಗದಲ್ಲಿ ಬಲೂನ್ ಒಡೆದು ಅದರ ಪ್ರತಿಧ್ವನಿ ರೆಕಾರ್ಡ್ ಮಾಡಿ ಕೊಟ್ಟರೆ, ನಿಮ್ಮ ಸದ್ದನ್ನು ಅದೇ ಜಾಗದಲ್ಲಿ ನುಡಿಸಿದ ಹಾಗೆ ಕೇಳಿಸುತ್ತದೆ. ಖಾಲಿ ನೀರಿನ ಟ್ಯಾಂಕು, ಹಳೇ ಬಾವಿ, ಅಪಾರ್ಟ್‌ಮೆಂಟಿನ ಮೆಟ್ಟಿಲು, ಎಲ್ಲವನ್ನೂ ಹೀಗೆ ಹಿಡಿಯಬಹುದು. ಆದರೆ ಅಲ್ಲಿ ಬಲೂನ್ ಬದಲು ಕೊಡದ ಏಟನ್ನೇ ಹಾಕಿ. ಆಗ ನಿಮ್ಮ ಡ್ರಮ್ಮು, ನಿಮ್ಮ ದನಿ, ಏನು ಕಳಿಸಿದರೂ ತಾಮ್ರದೊಳಗೆ ಹೊಕ್ಕು ಹೊರಗೆ ಬಂದ ಹಾಗಿರುತ್ತದೆ.

ಹೀಗೆ ಬಂದ ಪ್ರತಿಯೊಂದನ್ನೂ ಮತ್ತೆ ವೇವ್ ಫೈಲ್ ಮಾಡಿ ಇಟ್ಟುಕೊಳ್ಳಿ, ಅದನ್ನೇ ಹೊಸ ಕಚ್ಚಾ ಸದ್ದು ಅಂದುಕೊಂಡು ಮತ್ತೆ ಶುರು ಮಾಡಿ. ರೀಸ್ಯಾಂಪ್ಲಿಂಗ್ ಅನ್ನುವುದು ಇದಕ್ಕೇ. ಇಲ್ಲಿ ಇನ್ನೊಂದು ಲಾಭವೂ ಇದೆ. ಪ್ಲಗಿನ್‌ನ (ಸದ್ದು ಬದಲಿಸುವ ಸಣ್ಣ ಸಾಫ್ಟ್‌ವೇರ್) ನೂರು ಗುಂಡಿಗಳನ್ನು ತಿರುಗಿಸುತ್ತಾ ಕೂರುವುದು ತಪ್ಪುತ್ತದೆ, ಒಂದು ನಿರ್ಧಾರ ಮಾಡಿ ಮುಂದೆ ಹೋಗುತ್ತೀರಿ.

ಏನೂ ಇಲ್ಲದೆ ಕಟ್ಟುವುದು

ಎಲ್ಲವೂ ರೆಕಾರ್ಡಿಂಗ್‌ನಿಂದ ಬರುವುದಿಲ್ಲ. ಕಿಕ್ಕನ್ನು ಸಿಂತ್‌ನಲ್ಲಿ ಕಟ್ಟುವುದು ಕಲಿಯಲೇಬೇಕು, ಅದು ಕಷ್ಟವೂ ಅಲ್ಲ. ವೈಟಲ್‌ನ ಉಚಿತ ಆವೃತ್ತಿ ಅಥವಾ ಸರ್ಜ್ ಎಕ್ಸ್‌ಟಿ ಹಾಕಿಕೊಳ್ಳಿ, ಎರಡೂ ಕಂಪ್ಯೂಟರಿನ ಸಿಂತ್‌ಗಳು, ಎರಡಕ್ಕೂ ದುಡ್ಡು ಬೇಡ.

ಒಂದೇ ಆಸಿಲೇಟರ್ (ಅಲೆ ಹುಟ್ಟಿಸುವ ಭಾಗ), ಸೈನ್ ಅಲೆ (ಒಂದೇ ಸ್ವರದ ನುಣುಪು ಅಲೆ). ಅದರ ಪಿಚ್‌ಗೆ ಒಂದು ಎನ್ವಲಪ್ (ಹೊತ್ತು ಕಳೆದಂತೆ ಏರಿಳಿಯುವ ಗೆರೆ) ಕೊಡಿ. ಸದ್ದು 200 ಹರ್ಟ್ಜ್ ಆಸುಪಾಸಿನಲ್ಲಿ ಹುಟ್ಟಿ, 60 ಮಿಲಿಸೆಕೆಂಡಿನೊಳಗೆ 50ಕ್ಕೆ ಧುಮುಕಬೇಕು. ಆ ಧುಮುಕುವಿಕೆಯೇ ಕಿಕ್‌ನ ಗುದ್ದು. ಇಳಿಜಾರು ನೇರವಾಗಿದ್ದರೆ ಡ್ಯೂಂ ಅಂತ ಆಟಿಕೆಯ ಹಾಗೆ ಕೇಳುತ್ತದೆ, ಮೊದಲು ಕಡಿದಾಗಿ ಆಮೇಲೆ ಬಾಗುತ್ತಾ ಬಂದರೆ ಎದೆಗೆ ತಾಗುತ್ತದೆ. ಆ ಗೆರೆಯ ಬಾಗನ್ನು ಕೂದಲೆಳೆಯಷ್ಟು ಅಲ್ಲಾಡಿಸುತ್ತಾ ಹತ್ತು ನಿಮಿಷ ಕೇಳಿ. ಇದೊಂದೇ ಕೆಲಸದಿಂದ ಕಿವಿ ಎಷ್ಟು ಚುರುಕಾಗುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಒಟ್ಟು ಉದ್ದ 300 ಮಿಲಿಸೆಕೆಂಡ್ ಇರಲಿ. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟು) ಒಂದು ಬೀಟಿಗೆ 500 ಮಿಲಿಸೆಕೆಂಡ್ ಇರುತ್ತದೆ, ಹಾಗಾಗಿ ಮುಂದಿನ ಏಟಿಗೆ ಮೊದಲು ಬೇಸ್‌ಗೆ ಜಾಗ ಉಳಿಯುತ್ತದೆ. ತುದಿಗೆ ಐದು ಮಿಲಿಸೆಕೆಂಡಿನ ಟಿಕ್ ಬೇಕು. ನಾನು ಅಲ್ಲಿ ಚಿಲಕದ ಸದ್ದಿನ ತುದಿಯನ್ನು ಹಾಕುತ್ತೇನೆ.

ಕೊನೆಗೆ ಸ್ವಲ್ಪ ಡಿಸ್ಟಾರ್ಷನ್, ಅಂದರೆ ಅಲೆಯ ಆಕಾರವನ್ನು ಬೇಕಂತಲೇ ಕೆಡಿಸುವುದು. ಇದು ಬರೀ ಒರಟುತನಕ್ಕಲ್ಲ. ಫೋನಿನ ಪುಟ್ಟ ಸ್ಪೀಕರಿಗೆ 50 ಹರ್ಟ್ಜ್ ಹೊರಡಿಸಲು ಆಗುವುದೇ ಇಲ್ಲ. ಡಿಸ್ಟಾರ್ಷನ್‌ನಿಂದ 100, 150, 200ರಲ್ಲಿ ಮೇಲ್‌ಸ್ವರಗಳು ಹುಟ್ಟುತ್ತವೆ, ಅವನ್ನು ಕೇಳಿದ ಕಿವಿ ಕೆಳಗಿನ 50 ತಾನೇ ಇದೆ ಅಂದುಕೊಳ್ಳುತ್ತದೆ. ನಮ್ಮಲ್ಲಿ ಮುಕ್ಕಾಲು ಜನ ಕೇಳುವುದು ಫೋನಿನಲ್ಲೇ ಅಲ್ವಾ?

ಹೈಹ್ಯಾಟ್‌ಗೆ ರೋಲ್ಯಾಂಡ್ ಕಂಪನಿಯ ಡ್ರಮ್ ಮಷೀನ್ ಟಿಆರ್-808 ನೋಡಿ ಕಲಿಯಬಹುದು. 1980ರಲ್ಲಿ ಬಂದ ಆ ಪೆಟ್ಟಿಗೆಯಲ್ಲಿ ಹೈಹ್ಯಾಟ್‌ನ ರೆಕಾರ್ಡಿಂಗ್ ಇರಲಿಲ್ಲ. ಒಂದಕ್ಕೊಂದು ಹೊಂದದ ಆರು ಸ್ಕ್ವೇರ್ ಅಲೆಗಳನ್ನು ಒಟ್ಟಿಗೆ ಕಲಸಿ, ಫಿಲ್ಟರ್‌ನಲ್ಲಿ ಸೋಸಿ ಲೋಹದ ಸದ್ದು ತೆಗೆದಿದ್ದರು. ನೀವೂ ಹಾಗೇ ಮಾಡಿ, ಸ್ವರಗಳು ಬೇಕಂತಲೇ ಬೇಸೂರಾಗಿರಲಿ. ಸ್ನೇರ್‌ಗೆ 180 ಹರ್ಟ್ಜ್‌ನ ಒಂದು ಗಿಡ್ಡ ಸ್ವರ, ಮೇಲೆ ಬಿಳಿ ನಾಯ್ಸ್ (ಸ್ಟೇಷನ್ ಸಿಗದ ರೇಡಿಯೋದಂಥ ಸುಂಯ್ ಸದ್ದು).

ಸ್ವರ ನುಡಿಸುವ ಸದ್ದುಗಳಿಗೆ ಬಂದರೆ, ತಂಬೂರಿ ಕೇಳಿ ಬೆಳೆದ ನಮಗೆ ಒಂದು ಅನುಕೂಲವಿದೆ. ಕುದುರೆಯ ಮೇಲೆ ತಂತಿಯ ಕೆಳಗೆ ಆ ಸಣ್ಣ ನೂಲು, ಜೀವಾಳ, ಸರಿಯಾಗಿ ಕೂತ ಕ್ಷಣ ತಂಬೂರಿ ಝೇಂಕರಿಸುತ್ತದೆ ನೋಡಿ, ಆಗ ಹುಟ್ಟುವುದು ಮೇಲ್‌ಸ್ವರಗಳ ರಾಶಿ. ಸಾ ಟೂತ್ (ಗರಗಸದ ಹಲ್ಲಿನ ಆಕಾರದ) ಅಲೆಯಲ್ಲೂ ಹಾಗೆ ಎಲ್ಲ ಮೇಲ್‌ಸ್ವರಗಳೂ ಇರುತ್ತವೆ. ಸ್ಕ್ವೇರ್‌ನಲ್ಲಿ ಬೆಸಸಂಖ್ಯೆಯವು ಮಾತ್ರ, ಅದಕ್ಕೇ ಅದು ಟೊಳ್ಳು ಕೊಳವೆಯ ಹಾಗೆ ಕೇಳುವುದು. ಫಿಲ್ಟರ್ ಅಂದರೆ ಜರಡಿ, ಯಾವ ಮೇಲ್‌ಸ್ವರ ಉಳಿಯಬೇಕು ಅಂತ ಹೇಳುತ್ತದೆ. ಎನ್ವಲಪ್ ಅಂದರೆ ಸದ್ದು ಹುಟ್ಟಿ ಆರುವ ರೀತಿ. ವೀಣೆಯ ಮೀಟು ತಟ್ಟನೆ ಹುಟ್ಟಿ ಮೆಲ್ಲಗೆ ಆರುತ್ತದೆ, ನಾಗಸ್ವರದ ಉಸಿರು ಊದುವಷ್ಟು ಹೊತ್ತೂ ನಿಲ್ಲುತ್ತದೆ. ಎರಡು ಸಾ ಟೂತ್‌ಗಳನ್ನು ಏಳೆಂಟು ಸೆಂಟ್ ಅಂತರದಲ್ಲಿ ಇಟ್ಟು, ಫಿಲ್ಟರ್ ಅರ್ಧ ಮುಚ್ಚಿ, ಆ ಫಿಲ್ಟರನ್ನು ಬಹಳ ನಿಧಾನದ ಎಲ್‌ಎಫ್‌ಒಗೆ (ಗುಂಡಿಯನ್ನು ತಾನೇ ಹಿಂದೆ ಮುಂದೆ ತಿರುಗಿಸುವ ಅಲೆ) ಕಟ್ಟಿ. ಇಷ್ಟಕ್ಕೇ ಒಂದು ಶ್ರುತಿಯ ಹಾಸು ಸಿಗುತ್ತದೆ. ಬೊಂಬಾಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲೇ ರೋಲ್ಯಾಂಡ್‌ನ ಟಿಬಿ-303 ಎಂಬ ಬೇಸ್ ಸಿಂತ್, ಟಿಆರ್-808 ಇಟ್ಟುಕೊಂಡು ರಾಗಗಳನ್ನು ನುಡಿಸಿದ್ದರು. ನಮ್ಮ ಕಿವಿ ಇಂಥದ್ದಕ್ಕೆ ಮೊದಲೇ ಹದವಾಗಿದೆ ಅಂತ ನನಗೆ ಅನ್ನಿಸುವುದು ಅವರನ್ನು ಕೇಳಿದಾಗ.

ಗಂಟೆಯಂಥ ಸದ್ದು ಬೇಕಾದರೆ ಎಫ್‌ಎಂ. ಒಂದು ಸೈನ್ ಅಲೆ ಇನ್ನೊಂದರ ಪಿಚ್ಚನ್ನು ಅತಿ ವೇಗವಾಗಿ ಅಲ್ಲಾಡಿಸುವುದು, ಅಷ್ಟೇ. ಅವೆರಡರ ಅನುಪಾತ 1ಕ್ಕೆ 2 ಅಂತ ಪೂರ್ಣಾಂಕದಲ್ಲಿದ್ದರೆ ಸುಸ್ವರ, 1ಕ್ಕೆ 1.41 ಅಂತ ಇಟ್ಟರೆ ಲೋಹ. 1983ರ ಯಮಹಾ ಡಿಎಕ್ಸ್7 ಸಿಂತ್ ಇದರ ಮೇಲೇ ನಿಂತಿತ್ತು. ಅಲ್ಲಾಡಿಸುವ ಆಳ ಜಾಸ್ತಿ ಮಾಡಬೇಡಿ, ಬೇಗ ಕರ್ಕಶವಾಗುತ್ತದೆ.

ಬೇರೆಯವರ ಸದ್ದು ತೆಗೆದುಕೊಳ್ಳುವಾಗ

ಡೌನ್‌ಲೋಡ್ ಮಾಡಲೇಬಾರದು ಅಂತಲ್ಲ. ಫ್ರೀಸೌಂಡ್ ಅಂತ ತಾಣವಿದೆ, ಬಾರ್ಸಿಲೋನಾದ ಪೊಂಪೆಉ ಫಾಬ್ರಾ ವಿಶ್ವವಿದ್ಯಾಲಯದವರು 2005ರಲ್ಲಿ ಶುರು ಮಾಡಿದ್ದು. ಅಲ್ಲಿ ಪ್ರತಿ ಸದ್ದಿನ ಪಕ್ಕ ಲೈಸೆನ್ಸ್ ಬರೆದಿರುತ್ತದೆ, ಅದನ್ನು ಓದದೆ ಇಳಿಸಿಕೊಳ್ಳಬೇಡಿ. ಸಿಸಿ ಝೀರೋ ಇದ್ದರೆ ಏನು ಬೇಕಾದರೂ ಮಾಡಿ. ಆಟ್ರಿಬ್ಯೂಷನ್ ಇದ್ದರೆ ಹೆಸರು ಹಾಕಬೇಕು. ನಾನ್ ಕಮರ್ಷಿಯಲ್ ಅಂತಿದ್ದರೆ ದುಡ್ಡು ಬರುವ ಯಾವ ಕಡೆಯೂ ಹಾಕುವ ಹಾಗಿಲ್ಲ. ಹಳೇ ಕನ್ನಡ ಸಿನಿಮಾ ಹಾಡಿನ ಎರಡು ಸೆಕೆಂಡ್ ಕತ್ತರಿಸಿಕೊಂಡರೆ ಯಾರೂ ಕೇಳುವುದಿಲ್ಲ ಅಂತ ಹೇಳುವವರಿದ್ದಾರೆ, ನಂಬಬೇಡಿ. ನಮ್ಮ ದೇಶದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ ಇರುತ್ತದೆ, ರಾಗ ಮತ್ತು ಸಾಹಿತ್ಯದ ಹಕ್ಕು ಬೇರೆ, ಅದು ಮಾಡಿದವರು ತೀರಿಕೊಂಡ ಮೇಲೂ 60 ವರ್ಷ. ಇಷ್ಟಕ್ಕೂ ಆ ಎರಡು ಸೆಕೆಂಡಿನಲ್ಲಿ ನಿಮಗೆ ಇಷ್ಟವಾಗಿದ್ದು ಏನು ಅಂತ ಕೇಳಿಕೊಳ್ಳಿ. ಪಿಟೀಲುಗಳ ಆ ಮಂಕು ಬಣ್ಣವೇ? ಹಾಗಾದರೆ ನಿಮ್ಮದೇ ಸ್ವರಗಳನ್ನು ನುಡಿಸಿ, 5 ಕಿಲೋಹರ್ಟ್ಜ್ ಮೇಲಿನದ್ದನ್ನು ಕತ್ತರಿಸಿ, ಸಾಸಿವೆ ಚಟಪಟ ಸೇರಿಸಿ.

ಫೈಲ್‌ಗಳಿಗೆ ಹೆಸರು ಅವತ್ತೇ ಇಡಿ. ವಸ್ತು, ಹೇಗೆ ಬಾರಿಸಿದ್ದು, ಜಾಗ, ತಾರೀಖು, ಸ್ವರ ಗೊತ್ತಿದ್ದರೆ ಸ್ವರ. ರೆಕಾರ್ಡ್ ಮಾಡುವಾಗಲೇ ಬಾಯಲ್ಲಿ ಹೇಳಿಬಿಟ್ಟರೆ ಇನ್ನೂ ಒಳ್ಳೆಯದು. ಮೂಲ ಫೈಲನ್ನು ಯಾವತ್ತೂ ಅಳಿಸಬೇಡಿ, ನಕಲಿನ ಮೇಲೆ ಕೆಲಸ ಮಾಡಿ.

ಡೊಳ್ಳು, ತಮಟೆ, ಚೆಂಡೆ ರೆಕಾರ್ಡ್ ಮಾಡುವ ಆಸೆ ನಮ್ಮಲ್ಲಿ ಎಲ್ಲರಿಗೂ ಇರುತ್ತದೆ. ಜಾತ್ರೆಯಲ್ಲಿ ನಿಂತು ಫೋನ್ ಎತ್ತಿ ಹಿಡಿದರೆ ಜನರ ಗದ್ದಲ, ಧ್ವನಿವರ್ಧಕ ಎಲ್ಲ ಸೇರಿ ಬರುತ್ತದೆ, ಒಂದು ಏಟೂ ಬಿಡಿಯಾಗಿ ಸಿಗುವುದಿಲ್ಲ. ಬಾರಿಸುವವರನ್ನು ಬೇರೆ ದಿನ ಭೇಟಿ ಮಾಡಿ. ಯಾಕೆ ಬೇಕು, ಏನು ಮಾಡುತ್ತೀರಿ ಅಂತ ಬಿಡಿಸಿ ಹೇಳಿ, ನಿಮ್ಮ ಹಳೇ ಟ್ರ್ಯಾಕ್ ಒಂದನ್ನು ಕೇಳಿಸಿ. ಅರ್ಧ ದಿನದ ದುಡ್ಡು ಮೊದಲೇ ಕೈಗೆ ಕೊಡಿ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುವಾಗ ರೆಕಾರ್ಡರ್ ಆನ್ ಇರಲಿ, ಬಿಗಿಯಾಗುತ್ತಾ ಹೋದಂತೆ ಸ್ವರ ಏರುವುದನ್ನು ಅವರು ತಟ್ಟಿ ತಟ್ಟಿ ನೋಡುತ್ತಾರೆ, ಆ ಏಟುಗಳೇ ಒಂದು ಪೂರ್ತಿ ಸ್ಕೇಲ್ ಕೊಡುತ್ತವೆ. ಬಯಲಿನಲ್ಲಿ, ಎರಡು ಮೂರು ಮಾರು ದೂರದಿಂದ ಹಿಡಿಯಿರಿ, ಹತ್ತಿರದಿಂದ ಹಿಡಿದರೆ ಫೋನಿನ ಮೈಕ್ ತಡೆಯುವುದಿಲ್ಲ. ಹೆಸರು ಹೇಗೆ ಬರೆಯಬೇಕು ಅಂತ ಅವರನ್ನೇ ಕೇಳಿ ಟ್ರ್ಯಾಕಿನ ಕೆಳಗೆ ಹಾಗೇ ಹಾಕಿ. ಟ್ರ್ಯಾಕ್ ಮುಗಿದ ದಿನ, ಎಲ್ಲಿಗೂ ಅಪ್‌ಲೋಡ್ ಮಾಡುವ ಮುಂಚೆ, ಮೊದಲ ಫೈಲ್ ಅವರ ವಾಟ್ಸಾಪಿಗೆ ಹೋಗಲಿ.